ತಾರೀಖು ಹಾಕಿದ ಚೀಟಿ

ಗೋವಾದ ವಾಸ್ಕೋದಲ್ಲಿ ನಾವು ಹನ್ನೊಂದು ವರ್ಷ ಇದ್ದೆವು. ಗಂಡ ಗವಂಡಿ. ನಾನು ಅದೇ ಸೈಟಿನಲ್ಲಿ ಬುಟ್ಟಿ ಹೊರುತ್ತಿದ್ದೆ. ಬಾದಾಮಿ ತಾಲೂಕಿನ ನಮ್ಮೂರಿಗೆ ಗೋವಾ ಬೇರೆ ರಾಜ್ಯ ಅನ್ನಿಸುವುದೇ ಇಲ್ಲ, ಆಚೆ ಓಣಿ ಇದ್ದ ಹಾಗೆ. ಮನೆಗೊಬ್ಬರು ಅಲ್ಲಿದ್ದಾರೆ. ಬನಶಂಕರಿ ಜಾತ್ರೆಗೆ ಬರುತ್ತಾರೆ, ತೇರು ಎಳೆದು ಹೋಗುತ್ತಾರೆ. ಅಲ್ಲಿನವರು ನಮಗೆ ‘ಘಾಟಿ’ ಅನ್ನುತ್ತಾರೆ, ಘಟ್ಟದ ಮೇಲಿನವರು ಅಂತ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾವೇ ಒಬ್ಬರಿಗೊಬ್ಬರು ‘ಏ ಘಾಟಿ’ ಅಂತ ಕರೆದು ನಗುತ್ತಿದ್ದೆವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯ್ತು. ಕೆಲಸ ನಿಂತಿತು, ಖೋಲಿ ಬಾಡಿಗೆ ನಿಲ್ಲಲಿಲ್ಲ. ಏಪ್ರಿಲ್ ಮೊದಲ ವಾರವೇ ಮಾಲೀಕ ಬಾಗಿಲಿಗೆ ಬಂದ. ಕೆಳಗಿನ ಕಿರಾಣಿ ಅಂಗಡಿಯವನ ಹತ್ತಿರ ನನ್ನ ಕಿವಿಯ ಬೆಂಡೋಲೆ ಒತ್ತೆ ಇಟ್ಟು ಬಾಡಿಗೆ ಕೊಟ್ಟೆವು. ಕೂಲಿಕಾರರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬಾರದು ಅಂತ ಕೇಂದ್ರ ಗೃಹ ಇಲಾಖೆ ಮಾರ್ಚ್ 29ಕ್ಕೇ ಆದೇಶ ಹೊರಡಿಸಿತ್ತು. ಅದು ನನಗೆ ಗೊತ್ತಾಗಿದ್ದು ಮುಂದಿನ ವರ್ಷ. ಬೆಂಡೋಲೆ ಇನ್ನೂ ವಾಸ್ಕೋದಲ್ಲೇ ಇವೆ.

ಮೇ ತಿಂಗಳಲ್ಲಿ ಊರಿಗೆ ಬಂದೆವು. ಹದಿನಾಲ್ಕು ದಿನ ಶಾಲೆಯಲ್ಲಿ ಇಟ್ಟರು. ಮನೆಗೆ ಹೋದ ಮೇಲೆ ಅತ್ತೆ ಜೋಳದ ಡಬ್ಬಿ ತೆರೆದು ತೋರಿಸಿದರು. ಏನೂ ಹೇಳಲಿಲ್ಲ. ಎರಡು ಎಕರೆ ಹೊಲ ಮಲಪ್ರಭೆಯ ದಂಡೆಗಿದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದಿತ್ತಲ್ಲ, ಅದೇ ಹೊಳೆ ನಮ್ಮ ಮೇಲ್ಮಣ್ಣನ್ನೂ ತೊಳೆದುಕೊಂಡು ಹೋಗಿತ್ತು.

ಜೂನ್‌ನಲ್ಲಿ ನಾನು, ಗಂಡ ಪಂಚಾಯ್ತಿಗೆ ಹೋಗಿ ಉದ್ಯೋಗ ಖಾತ್ರಿ ಕೆಲಸ, ಅಂದರೆ ನರೇಗಾ ಕೆಲಸ ಕೇಳಿದೆವು. ಮೆಂಬರುಗಳ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದ ಕಾಲ ಅದು. ಯಾರನ್ನು ಹಿಡಿಯಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆ ಎತ್ತದೆ ಹೇಳಿದ: “ಕೆಲ್ಸ ಬಂದಾಗ ಡಂಗುರ ಸಾರಸ್ತೀವಿ, ಹೋಗ್ರಿ.” ನಾವು ಹೋದೆವು. ಡಂಗುರ ಆಗಲಿಲ್ಲ. ಆರು ತಿಂಗಳು ಸುಮ್ನೆ ಕಾದೆವು ಅನ್ನುವುದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನನ್ನ ತಂಗಿಯನ್ನು ಬೆಳಗಾವಿ ಜಿಲ್ಲೆಗೆ, ಕಿತ್ತೂರಿನ ಕಡೆ ಕೊಟ್ಟಿದೆ. 2021ರ ಸಂಕ್ರಾಂತಿಗೆ ಅವಳ ಮನೆಗೆ ಹೋಗಿದ್ದೆ. ಅವಳ ಊರಿನ ಹೆಂಗಸರು ಖಾತ್ರಿ ಕೆಲಸಕ್ಕೆ ಹೊರಟು ನಿಂತಿದ್ದರು. ಬುತ್ತಿ, ಸಲಿಕೆ, ಕೊರಳಲ್ಲಿ ಟವೆಲ್. ಕೆಲಸ ಹೇಗೆ ಸಿಕ್ಕಿತು ಅಂದೆ. ತಂಗಿ ಅವರ ಕೂಲಿಕಾರರ ಸಂಘಟನೆಯ ಅಕ್ಕನ ಹತ್ತಿರ ಕರೆದುಕೊಂಡು ಹೋದಳು. ಅಕ್ಕ ನನ್ನ ಕಥೆ ಪೂರ್ತಿ ಕೇಳಿದರು, ಗೋವಾದ್ದೂ ಸೇರಿ. ಆಮೇಲೆ ಕೇಳಿದರು, “ಅರ್ಜಿ ಕೊಟ್ಟಿದ್ದಿ?”

“ಬಾಯಿಲೆ ಹೇಳೇನ್ರಿ.”

“ಚೀಟಿ?”

“ಯಾವ ಚೀಟಿ?”

ಅಕ್ಕ ನಕ್ಕರು. “ಹಂಗಾರ ನೀ ಕೇಳೇ ಇಲ್ಲ ತಗೊ.”

ವರ್ಷಕ್ಕೆ ಒಂದು ಮನೆಗೆ 100 ದಿನ ಕೆಲಸ ಅಂತ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಕೆಲಸ ತಾನಾಗಿ ಬರುವುದಿಲ್ಲ, ನಾವು ಕೇಳಿದ ಮೇಲೆ ಹುಟ್ಟುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಕೇಳುವುದಕ್ಕೆ ನಮೂನೆ 6 ಅಂತ ಒಂದು ಹಾಳೆ ಇತ್ತು. ಹೆಸರು, ಜಾಬ್ ಕಾರ್ಡ್ ನಂಬರು, ಯಾವ ದಿನದಿಂದ ಎಷ್ಟು ದಿನ ಕೆಲಸ ಬೇಕು, ಸಹಿ. ಕೊಟ್ಟದ್ದಕ್ಕೆ ಪಂಚಾಯ್ತಿಯವರು ತಾರೀಖು ಹಾಕಿ ಸ್ವೀಕೃತಿ ಚೀಟಿ ಕೊಡಬೇಕಿತ್ತು. ಅಲ್ಲಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಕೂಲಿ ದುಡ್ಡು ಆಗ ಕೇಂದ್ರದಿಂದ ಬರುತ್ತಿತ್ತು, ಭತ್ಯೆ ಮಾತ್ರ ರಾಜ್ಯ ಸರ್ಕಾರ ತನ್ನ ಕಿಸೆಯಿಂದ ಕೊಡಬೇಕಿತ್ತು. ಹಾಗಾಗಿ ಭತ್ಯೆ ಅಂದರೆ ಮೇಲಿನವರು ಕೆಳಗಿನವರನ್ನು ಕೇಳುತ್ತಿದ್ದರು. ಕೆಳಗಿನವರು ಚೀಟಿಯನ್ನೇ ಕೊಡುತ್ತಿರಲಿಲ್ಲ. ಚೀಟಿ ಇಲ್ಲ ಅಂದರೆ 15 ದಿನ ಎಲ್ಲಿಂದ ಎಣಿಸುತ್ತೀರಿ?

ಊರಿಗೆ ಬಂದು ಮೊದಲು ಮಾಡಿದ ಕೆಲಸ, ಭಾವನ ಮಗನ ಮೊಬೈಲಿನಲ್ಲಿ ನಮ್ಮ ಜಾಬ್ ಕಾರ್ಡ್ ತೆಗೆಸಿ ನೋಡಿದ್ದು. ನರೇಗಾ ವೆಬ್‌ಸೈಟಿನಲ್ಲಿ ಯಾರ ಕಾರ್ಡನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಅತ್ತೆ ಮೊಣಕಾಲು ನೋವಿನಿಂದ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಾರೆ. ಅವರು 2018ರಲ್ಲಿ 28 ದಿನ ಬದು ಹಾಕಿದ್ದಾರೆ ಅಂತ ಅಲ್ಲಿತ್ತು! ಆಗ ಕೂಲಿ ದಿನಕ್ಕೆ 249 ರೂಪಾಯಿ. ಲೆಕ್ಕ ಹಾಕಿದೆ. 6,972.

“ಅತ್ತಿ, ಇದೇನ್ರಿ?”

“ಅದಾ? ಆ ಮಷೀನಿನಾಂವ ಬ್ಯಾಂಕಿಗೆ ಗಾಡಿ ಮ್ಯಾಲೆ ಕರ್ಕೊಂಡ್ ಹೋಗಿ ಹೆಬ್ಬಟ್ಟು ಒತ್ತಸ್ದಾ. ಐನೂರು ಕೊಟ್ಟಾ. ಸುಮ್ನ ಕುಂತೋರಿಗೆ ಐನೂರು ಯಾರ್ ಕೊಡ್ತಾರ ಬೇ?”

ಜೆಸಿಬಿಯಿಂದ ಮಣ್ಣು ತೆಗೆಯುವುದು, ಊರಿನವರ ಕಾರ್ಡಿನ ಮೇಲೆ ಹಾಜರಿ ಬರೆಯುವುದು, ದುಡ್ಡು ಬಂದ ಮೇಲೆ ಐನೂರು ಕೈಗಿಟ್ಟು ಉಳಿದದ್ದು ಒಯ್ಯುವುದು. ಈ ಕೆಲಸದಲ್ಲಿ ಗುತ್ತಿಗೆದಾರನೇ ಇರಬಾರದು ಅಂತ ಕಾಯ್ದೆ ಹೇಳುತ್ತಿತ್ತು. ನಮ್ಮೂರಲ್ಲಿ ಗುತ್ತಿಗೆದಾರ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅರ್ಧ ಓಣಿ ಆ ಐನೂರು ತಗೊಂಡಿತ್ತು, ನನ್ನ ಮನೆಯೂ ಸೇರಿ. ಸಂಘ ಕಟ್ಟುವುದು ಯಾಕೆ ಕಷ್ಟ ಅಂತ ಯಾರಾದರೂ ಕೇಳಿದರೆ ನಾನು ಗುತ್ತಿಗೆದಾರನನ್ನು ಬೈಯುವುದಿಲ್ಲ, ಅತ್ತೆಯ ಈ ಮಾತು ಹೇಳುತ್ತೇನೆ.

ನಮ್ಮೂರಲ್ಲೂ ಸಂಘ ಕಟ್ಟೋಣ ಅಂತ ಕರೆದ ಮೊದಲ ಸಭೆಗೆ ಆರು ಜನ ಬಂದರು. ಅದರಲ್ಲಿ ಇಬ್ಬರು ಚಹಾಕ್ಕೆ ಬಂದವರು. ಗಂಡಸರಿಗೆ ಮರ್ಯಾದೆಯ ಪ್ರಶ್ನೆ. “ಗೋವಾದಾಗ ಬಿಲ್ಡಿಂಗ್ ಕಟ್ಟಿದಾಂವ ಇಲ್ಲಿ ಕೆರಿ ಮಣ್ಣ ಹೊರಬೇಕೇನ?” ಅಂತ ನನ್ನ ಗಂಡನೇ ಕೇಳಿದರು. ಹೆಂಗಸರು ಬೇಗ ಒಪ್ಪಿದರು, ಅವರದು ನೇರ ಲೆಕ್ಕ. ಹೊಲದ ಕೆಲಸಕ್ಕೆ ಹೋದರೆ ಆಗ ನಮ್ಮೂರಲ್ಲಿ ಗಂಡಸಿಗೆ ಮುನ್ನೂರು, ಹೆಂಗಸಿಗೆ ನೂರೈವತ್ತು. ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ಕೂಲಿ. 2021ರ ಏಪ್ರಿಲ್‌ನಿಂದ ಅದು 289 ಆಯ್ತು. ಸಲಿಕೆ, ಗುದ್ದಲಿ ಹರಿತ ಮಾಡಿಸಿಕೊಳ್ಳುವುದಕ್ಕೆ ದಿನಕ್ಕೆ 10 ರೂಪಾಯಿ ಬೇರೆ.

ಎಲ್ಲಿ ಕೂಡುವುದು ಅನ್ನುವುದೇ ದೊಡ್ಡ ತಕರಾರು. ಹನುಮಪ್ಪನ ಗುಡಿ ಕಟ್ಟೆಗೆ ಕೇರಿಯ ಹೆಂಗಸರು ಬರುವುದಿಲ್ಲ. ಬರಬೇಡಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವರು ಬರುವುದಿಲ್ಲ, ಅಷ್ಟೇ. ಕೇರಿಯ ಸಮುದಾಯ ಭವನಕ್ಕೆ ನಮ್ಮ ಓಣಿಯವರಿಗೆ ‘ಪುರಸೊತ್ತು ಆಗುವುದಿಲ್ಲ’. ಕೊನೆಗೆ ಕೆರೆ ದಂಡೆಯ ಹುಣಸೆ ಮರದ ಕೆಳಗೆ ಅಂತಾಯ್ತು. ಅದು ಯಾರ ಓಣಿಯದ್ದೂ ಅಲ್ಲ. ಇರುವೆ ಜಾಸ್ತಿ, ಬಿಟ್ಟರೆ ಒಳ್ಳೆಯ ಜಾಗ.

ಮಾರ್ಚ್ ಹೊತ್ತಿಗೆ 43 ಜನ ಆದೆವು. ನಾನು ಎಸ್ಸೆಸ್ಸೆಲ್ಸಿ ಪಾಸು. ಹಾಗಾಗಿ ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಬಾದಾಮಿಯಲ್ಲಿ ಜೆರಾಕ್ಸ್ ಮಾಡಿಸಿ ಮೂರು ರಾತ್ರಿ ಕೂತು ತುಂಬಿದೆ. ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಪಂಚಾಯ್ತಿ ಮುಂದೆ.

ಕಂಪ್ಯೂಟರ್ ಹುಡುಗ ಮೊದಲು “ಸರ್ವರ್ ಡೌನ್ ಐತ್ರಿ” ಅಂದ. ಅರ್ಜಿ ತಗೊಳ್ಳುವುದಕ್ಕೆ ಸರ್ವರ್ ಯಾಕೆ ಅಂದೆ. “ಇಟ್ ಹೋಗ್ರಿ, ನೋಡ್ತೀವಿ.” ಚೀಟಿ ಕೊಡಿ ಅಂದೆ. “ಪಿಡಿಒ ಸಾಹೇಬ್ರು ಬರ್ಲಿ.” ಸಾಹೇಬರು ಬಾಗಲಕೋಟೆಗೆ ಮೀಟಿಂಗಿಗೆ ಹೋಗಿದ್ದರಂತೆ. ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ನಮ್ಮ ಓಣಿಯ ಮೆಂಬರಿಗೆ ಫೋನ್ ಮಾಡಿದೆವು. ಮೆಂಬರ್ ಹೆಂಡತಿ, ಫೋನ್ ಎತ್ತುವುದು ಗಂಡ. “ನಾ ಹೇಳ್ತೀನಿ, ನೀವು ಮನಿಗೆ ಹೋಗ್ರಿ” ಅಂದ. ಎಲ್ಲರೂ ನಮ್ಮನ್ನು ಮನೆಗೆ ಕಳಿಸುವವರೇ.

ನಾವು ಹೋಗಲಿಲ್ಲ, ಪಡಸಾಲೆಯಲ್ಲಿ ಕೂತೆವು. ಘೋಷಣೆ, ಗಲಾಟೆ ಏನೂ ಇಲ್ಲ. ಕೂತು ಶೇಂಗಾ ಒಡೆದೆವು. ಹಿಟ್ಟಿನ ಗಿರಣಿ ಪಕ್ಕದ ಮನೆಯ ಆಯಿ ಎಲ್ಲರಿಗೂ ಸಾಕಾಗುವಷ್ಟು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ಅದನ್ನು ಬಿಚ್ಚಿದ್ದೇ ತಡ, ಕಂಪ್ಯೂಟರ್ ಹುಡುಗನ ಮೂಗು ಈ ಕಡೆ ತಿರುಗಿತು. ಆಯಿ ಅವನಿಗೂ ಒಂದು ರೊಟ್ಟಿ ಕೊಟ್ಟಳು. “ತಿನ್ನಪಾ. ಚೀಟಿ ಮಾತ್ರ ಕೊಡು.”

ಮೂರು ಗಂಟೆಗೆ ಪಿಡಿಒ ಬಂದರು. ಒಳ್ಳೆಯ ಮನುಷ್ಯ, ಗದರಿಸಲಿಲ್ಲ. “ನಂಬಿಕಿ ಇಲ್ಲೇನ್ರವಾ?” ಅಂತ ಕೇಳಿದರು. ಈ ಪ್ರಶ್ನೆಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಕಿತ್ತೂರಿನ ಅಕ್ಕನಿಗೆ ಫೋನ್ ಹಚ್ಚಿದೆ. ಅವರು ತಾಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿ, ಅಂದರೆ ಇಒ ಆಫೀಸಿಗೆ ಮಾಡು ಅಂದರು. ಮಾಡಿದೆ. ಅಲ್ಲಿಂದ ಇಲ್ಲಿಗೆ ಒಂದು ಫೋನ್ ಬಂತು. ಐದು ಗಂಟೆಗೆ ಚೀಟಿ ಬರೆಯುವುದಕ್ಕೆ ಶುರು ಮಾಡಿದರು. 43 ಚೀಟಿ, 43 ಸೀಲು. ಎಲ್ಲರ ಮುಖದಲ್ಲಿ ನಗು. ನಾನೂ ನಗುತ್ತಲೇ ನನ್ನದನ್ನು ಓದಿದೆ. ಹೆಸರಿದೆ, ನಂಬರ್ ಇದೆ, ಸೀಲ್ ಇದೆ. ತಾರೀಖಿನ ಜಾಗ ಖಾಲಿ.

“ಸರ್, ತಾರೀಖು?”

“ಅದನ್ನ ಆಮ್ಯಾಲೆ ಹಾಕ್ತೀನ್ರಿ, ಕಂಪ್ಯೂಟರಿನ್ಯಾಗ ಏರಿಸೂ ಮುಂದ.”

ತಾರೀಖು ಇಲ್ಲದ ಚೀಟಿ, ದಿನ ಗೊತ್ತಾಗದ ಲಗ್ನಪತ್ರಿಕೆ ಇದ್ದ ಹಾಗೆ. ಆದರೆ ಇದನ್ನು 42 ಜನಕ್ಕೆ ತಿಳಿಸಿ ಹೇಳುವುದು ಚೀಟಿ ಪಡೆದದ್ದಕ್ಕಿಂತ ಕಷ್ಟವಾಯ್ತು. ಎಮ್ಮೆ ಹಿಂಡುವ ಹೊತ್ತು, ಮಕ್ಕಳು ಮನೆಯಲ್ಲಿ. “ಸೀಲ್ ಐತಲ್ಲ, ಸಾಕ್ ನಡಿ” ಅಂತ ಕೆಲವರು ಎದ್ದರು. ಆಗ ಆಯಿ ಬಾಗಿಲಿಗೆ ಅಡ್ಡ ಕೂತಳು. ಓದು ಬರಹ ಇಲ್ಲದ ಹೆಂಗಸು. “ನನಗ ಓದಾಕ ಬರಂಗಿಲ್ಲ. ಖಾಲಿ ಜಾಗ ಮಾತ್ರ ಕಾಣ್ತೈತಿ. ಅದನ್ನ ತುಂಬಸ್ಕೊಂಡ ಹೋಗೂದು.” ಆರೂ ಮುಕ್ಕಾಲಿಗೆ ತಾರೀಖು ಬಿತ್ತು. ಅಂದಿನಿಂದ ಆಯಿ ಎಲ್ಲಿ ಹೋದರೂ ಚೀಟಿ ಕೇಳುತ್ತಾಳೆ. ಪಕ್ಕದ ಗಿರಣಿಯಲ್ಲಿ ಜೋಳ ಇಟ್ಟು ಬಂದರೂ.

ಹದಿನಾಲ್ಕನೇ ದಿನ ಕೆಲಸ ಸಿಕ್ಕಿತು. ಕೆರೆ ಹೂಳೆತ್ತುವುದು. ಜೆಸಿಬಿಯವನು ಎರಡು ದಿನ ಮೋಟರ್ ಸೈಕಲ್ ಮೇಲೆ ಬಂದು ದಂಡೆಯಲ್ಲಿ ನಿಂತು ನೋಡಿದ, ಹೋದ. ನನ್ನನ್ನು ಕಾಯಕ ಬಂಧು ಮಾಡಿದರು. ಹಾಜರಿ ಹಿಡಿಯುವುದು, ಗುಂಡಿ ಹಂಚುವುದು ಇತ್ಯಾದಿ. ಮೊದಲ ವಾರದ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಮುಗಿದು ಅಳತೆ ಆದಾಗ ನೋಡುತ್ತೇವೆ, ಒಬ್ಬೊಬ್ಬರಿಗೆ ದಿನಕ್ಕೆ ಇನ್ನೂರೂ ಬಿದ್ದಿಲ್ಲ. ಹೆಂಗಸರು ನನ್ನ ಮೇಲೆ ಬಿದ್ದರು. ನನಗೂ ಅರ್ಥವಾಗಲಿಲ್ಲ. ಬೆಳಿಗ್ಗೆಯಿಂದ ಬಗ್ಗಿ ದುಡಿದಿದ್ದೇವಲ್ಲ?

ಇಲ್ಲಿ ಸಹಾಯಕ್ಕೆ ಬಂದವರು ನನ್ನ ಗಂಡ. ಅಲ್ಲಿಯತನಕ ಕೆರೆ ಕಡೆ ತಲೆ ಹಾಕಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನು ಅತ್ತದ್ದು ನೋಡಿ, “ಮಣ್ಣು ಎಷ್ಟ್ ದೂರ ಒಯ್ದ್ರಿ? ಎಷ್ಟ್ ಎತ್ತರ ಹತ್ತಿಸಿದ್ರಿ?” ಅಂತ ಕೇಳಿದರು. ದಂಡೆ ಏರಿ ಆಚೆ ಹೊಲದತನಕ ಹೊತ್ತಿದ್ದೆವು. ಖಾತ್ರಿಯಲ್ಲಿ ಪೂರ್ತಿ ಕೂಲಿ ಅಂದರೆ ಅಷ್ಟು ಅಳತೆಯ ಕೆಲಸ ಆಗಿರಬೇಕು. ಅಗೆದ ಮಣ್ಣಿನ ಲೆಕ್ಕ ಬೇರೆ, ಹೊತ್ತ ದೂರದ್ದು ಬೇರೆ, ಏರಿಸಿದ ಎತ್ತರದ್ದು ಬೇರೆ. ದೂರಕ್ಕೆ ಲೀಡ್, ಎತ್ತರಕ್ಕೆ ಲಿಫ್ಟ್ ಅನ್ನುತ್ತಾರೆ. ಇಂಜಿನಿಯರ್ ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಅವೆರಡನ್ನೂ ಬರೆಯಬೇಕು. ನಮ್ಮದರಲ್ಲಿ ಗುಂಡಿಯ ಅಳತೆ ಒಂದೇ ಬರೆದಿದ್ದರು. ಅಂದರೆ ಗಂಡಸರು ಅಗೆದದ್ದು ಲೆಕ್ಕಕ್ಕೆ ಬಂದಿತ್ತು, ಹೆಂಗಸರು ಹೊತ್ತದ್ದು ಗಾಳಿಗೆ ಹೋಗಿತ್ತು.

ಮರುದಿನ ಗಂಡ ತಮ್ಮ ಗವಂಡಿ ಟೇಪು ಹಿಡಿದು ಕೆರೆಗೆ ಬಂದರು. ಮರ್ಯಾದೆ ಮಾತು ಆಡಲಿಲ್ಲ. ಪ್ರತಿ ಗುಂಡಿಗೆ ಉದ್ದ, ಅಗಲ, ಆಳ, ಆಮೇಲೆ ದಂಡೆತನಕದ ದೂರ, ಏರು. ನಾನು ವಹಿಯಲ್ಲಿ ಬರೆದೆ. ಇಂಜಿನಿಯರ್ ಬಂದಾಗ ವಹಿ ಮುಂದೆ ಇಟ್ಟೆವು. ಅವರು ಒಂದೆರಡು ಕಡೆ ತಾವೇ ಟೇಪು ಹಿಡಿದು ನೋಡಿದರು, ತಾಳೆಯಾಯ್ತು. ಬೇಸಿಗೆಯಲ್ಲಿ ಅಳತೆಗೆ ರಿಯಾಯ್ತಿ ಇದೆ, ಅದನ್ನೂ ಹಾಕಿ ಅಂದೆವು. ಎರಡನೇ ವಾರದಿಂದ ಪೂರ್ತಿ 289 ಬಿತ್ತು. ಮೊದಲ ವಾರದ್ದು ಹೋದದ್ದು ಹೋಯ್ತು.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವುದು ಎಷ್ಟು ಸುಲಭವಾಗುತ್ತಿತ್ತು.

ಕೂಲಿ ಖಾತೆಗೆ ಬರಬೇಕಲ್ಲ. ಮೊದಲು ಕೇರಿಯವರಿಗೆ ಬಂತು. ನಾವು ಕಾದೆವು. ಒಂದು ವಾರ, ಎರಡು ವಾರ, ಒಂದು ತಿಂಗಳು. ನಮಗೆ ಬರಲಿಲ್ಲ. ಒಂದೇ ಕೆರೆ, ಒಂದೇ ಎನ್‌ಎಂಆರ್, ಪಕ್ಕಪಕ್ಕದ ಗುಂಡಿ. ನಮ್ಮ ಓಣಿಯಲ್ಲಿ ಮಾತು ಶುರುವಾಯ್ತು, “ಅವರು ಪಿಡಿಒ ಸಂಗಾಟ ಒಳಗೊಳಗ ಮಾತಾಡ್ಯಾರ.” ಸುಳ್ಳು ಯಾಕೆ ಹೇಳಲಿ, ನನಗೂ ಒಂದು ರಾತ್ರಿ ಹಾಗೇ ಅನ್ನಿಸಿತು. ಸಂಘದ ಬರವಣಿಗೆ ಮಾಡುವವಳು ನಾನು, ನನಗೇ ಹಾಗನ್ನಿಸಿದರೆ ಉಳಿದವರ ಕಥೆ?

ಅಕ್ಕನಿಗೆ ಕೇಳಿದಾಗ ವಿಷಯ ಗೊತ್ತಾಯ್ತು. ಆ ವರ್ಷದ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕೂಲಿ ಪಾವತಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಅಂತ ಮೂರು ಭಾಗ ಮಾಡಿತ್ತು. ಹಾಜರಿ ಒಟ್ಟಿಗೆ. ದುಡ್ಡು ಹಾಕುವ ಆದೇಶ, ಅಂದರೆ ಎಫ್‌ಟಿಒ, ಮೂರು ಬೇರೆ ಬೇರೆ. ಒಂದರಲ್ಲಿ ಹಣ ಇದ್ದರೆ ಆ ಜನಕ್ಕೆ ಬರುತ್ತದೆ, ಇನ್ನೊಂದರಲ್ಲಿ ಇಲ್ಲದಿದ್ದರೆ ಕಾಯಬೇಕು. ಯಾವ ಪುಣ್ಯಾತ್ಮನ ತಲೆಗೆ ಇದು ಹೊಳೆಯಿತೋ! ದೇಶದ ಬೇರೆ ಕಡೆಯೂ ಇದೇ ತಕರಾರು ಎದ್ದು ಆಮೇಲೆ ಸರ್ಕಾರವೇ ಕೈಬಿಟ್ಟಿತು. ನಮ್ಮ ಹುಣಸೆ ಮರದ ಕೆಳಗಿನ ಜಗಳ ಅದಕ್ಕಿಂತ ಮೊದಲೇ ಆಗಿ ಹೋಗಿತ್ತು.

ಆ ಸಭೆಯಲ್ಲಿ ನಮ್ಮ ಓಣಿಯ ಒಬ್ಬಾಕೆ, “ನಿಮಗೇನ್ ಬಿಡ್ರವಾ, ಸರ್ಕಾರನ ನಿಮ್ದು” ಅಂದಳು. ಕೇರಿಯ ಹೆಂಗಸೊಬ್ಬಳು ಎದ್ದು ನಿಂತಳು. ನಡುವಯಸ್ಸು, ಮಾತು ಕಡಿಮೆ. “ನೀರಿಗೆ ನಾವು ಕಡೀಕ. ರೇಷನ್ ಸಾಲಿನ್ಯಾಗ ಕಡೀಕ. ಈ ಊರಾಗ ನಮಗ ಮೊದಲ ಬಂದದ್ದು ಇದೊಂದ. ಇದಕ್ಕೂ ಹೊಟ್ಟಿ ಉರ್ಕೊಂತೀರೇನು?”

ಯಾರೂ ಮಾತಾಡಲಿಲ್ಲ. ನಾನು ವಹಿ ತೆರೆದು ಎಫ್‌ಟಿಒ ವಿಷಯ ಓದಿ ಹೇಳಿದೆ. ಅರ್ಧ ಜನ ಕೇಳಿಸಿಕೊಂಡರು, ಅರ್ಧ ಜನ ಎದ್ದು ಹೋದರು. ಆರು ಮನೆಯವರು ಸಂಘ ಬಿಟ್ಟರು. ಅವರಲ್ಲಿ ಮೂವರು ಇನ್ನೂ ವಾಪಸ್ ಬಂದಿಲ್ಲ, ನನ್ನ ಜೊತೆ ಮಾತೂ ಇಲ್ಲ. ಕೂಲಿ ತಡವಾದದ್ದಕ್ಕೆ ಇಒಗೆ ಅರ್ಜಿ ಬರೆದಾಗ ಕೇರಿಯ ಹೆಂಗಸರೂ ಸಹಿ ಹಾಕಿದರು, ತಮಗೆ ದುಡ್ಡು ಬಂದಿದ್ದರೂ. ಎದ್ದು ನಿಂತು ಮಾತಾಡಿದಾಕೆ ಮೊದಲ ಸಹಿ. ಕೂಲಿ ಕೊನೆಗೆ ಜೂನ್‌ನಲ್ಲಿ ಬಂತು. ತಡವಾದ ದಿನಕ್ಕೆ ಪರಿಹಾರ ಕೊಡಬೇಕು ಅಂತಲೂ ಕಾಯ್ದೆಯಲ್ಲಿತ್ತು, ದಿನಕ್ಕೆ 0.05 ಶೇಕಡಾ. ಸಾವಿರ ರೂಪಾಯಿಗೆ ಎಂಟಾಣೆ. ಅದನ್ನು ನಾವು ಕೇಳಲಿಲ್ಲ, ಎಂಟಾಣೆ ಈಗ ಎಲ್ಲಿ ಸಿಗುತ್ತದೆ ಅಂತ ನಕ್ಕು ಬಿಟ್ಟೆವು. ಕೇಳಬೇಕಿತ್ತು ಅಂತ ಅಕ್ಕ ಬೈದರು.

ಜುಲೈನಲ್ಲಿ ಮತ್ತೆ ಅರ್ಜಿ ಕೊಟ್ಟೆವು. ಈ ಸಲ ಅರ್ಧ ಗಂಟೆಯಲ್ಲಿ ಚೀಟಿ ಬಂತು, ತಾರೀಖು ಸಮೇತ. ಕೆಲಸ ಮಾತ್ರ ಹದಿನೈದು ದಿನಕ್ಕೆ ಬರಲಿಲ್ಲ, 23ನೇ ದಿನ ಬಂತು. ನಡುವಿನ 7 ದಿನದ ಭತ್ಯೆ ಕೇಳಿ ಬರೆದೆವು. 289ರ ಕಾಲು ಭಾಗ 72 ರೂಪಾಯಿ 25 ಪೈಸೆ. ಏಳು ದಿನಕ್ಕೆ 505 ರೂಪಾಯಿ 75 ಪೈಸೆ, ಒಬ್ಬೊಬ್ಬರಿಗೆ. ಪಂಚಾಯ್ತಿಯವರು ತಾಲೂಕಿಗೆ ಹೋಗಿ ಅಂದರು, ತಾಲೂಕಿನವರು ಜಿಲ್ಲಾ ಪಂಚಾಯ್ತಿಗೆ ಬರೆಯಿರಿ ಅಂದರು, ಅಲ್ಲಿಂದ ದೂರು ಕೇಳುವ ಅಧಿಕಾರಿ, ಒಂಬುಡ್ಸ್‌ಮನ್ ಹತ್ತಿರ ಹೋದೆವು. ಆ ಆಫೀಸಿನಲ್ಲಿ ಕುಡಿಯುವುದಕ್ಕೆ ನೀರು ಕೊಟ್ಟರು, ಕುರ್ಚಿ ಕೊಟ್ಟರು, ಚೀಟಿಯ ಜೆರಾಕ್ಸ್ ಇಟ್ಟುಕೊಂಡರು. ಭತ್ಯೆ ಬಂದಿಲ್ಲ.

ಬಾಗಲಕೋಟೆಗೆ ಓಡಾಡಿದ ಬಸ್ ಚಾರ್ಜ್ ಲೆಕ್ಕ ಹಾಕಿದರೆ ನನ್ನ ಪಾಲಿನ 505 ಯಾವಾಗಲೋ ದಾಟಿದೆ. ಗಂಡ ಮತ್ತೆ ವಾಸ್ಕೋಗೆ ಹೋಗಿದ್ದಾರೆ, ಟೇಪು ಇಲ್ಲೇ ಬಿಟ್ಟು. ಬೇರೆ ಕೊಂಡೆ ಅಂದರು. 2022ರ ಏಪ್ರಿಲ್‌ಗೆ ಕೂಲಿ 309 ಆಯ್ತು. ಮೇ ತಿಂಗಳಿಂದ 20 ಜನ ಮೇಲ್ಪಟ್ಟ ಕೆಲಸಕ್ಕೆ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ಹಾಕಬೇಕು ಅಂತ ಬಂತು. ಕೆರೆಯ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ. ಫೋಟೊ ಏರಿಸುವುದಕ್ಕೆ ನಾನು ದಂಡೆ ಹತ್ತಿ ಫೋನ್ ಎತ್ತಿ ಹಿಡಿದು ನಿಲ್ಲುತ್ತಿದ್ದೆ. ಕೆಳಗಿನಿಂದ ಎಲ್ಲರೂ ಬುಟ್ಟಿ ಇಟ್ಟು ನನ್ನನ್ನೇ ನೋಡುತ್ತಿದ್ದರು.

ಆಯಿ ಈಗಲೂ ಗಿರಣಿ ಮುಂದೆ ಸಿಕ್ಕಾಗಲೆಲ್ಲ ಕೇಳುತ್ತಾಳೆ, “ನನ್ನ ಐನೂರ ಐದು ರೂಪಾಯಿ ಬಂತೇನ ಬೇ?” ಇಲ್ಲ ಆಯಿ ಅಂತೀನಿ. “ಮತ್ತ ಎಪ್ಪತ್ತೈದು ಪೈಸೆ?” ಅಂತಾಳೆ. ಬರುವ ಸೋಮವಾರ ಮತ್ತೆ ಬಾಗಲಕೋಟೆಗೆ ಹೋಗುವುದಿದೆ. ಈ ಸಲ ತಾನೂ ಬರುತ್ತೇನೆ ಅಂದಿದ್ದಾಳೆ, ರೊಟ್ಟಿ ಕಟ್ಟಿಕೊಂಡು.